ಅಭಯದ ಮರುದಿನ

ಇಪ್ಪತ್ತೆರಡನೆಯ ತೀರ್ಥಂಕರರಾದ ನೇಮಿನಾಥಸ್ವಾಮಿಯ ವಿವಾಹಯಾತ್ರೆಯ ಪ್ರಸಂಗವನ್ನು ಅರಿಯದ ಶ್ರಾವಕರು ವಿರಳ. ಉಗ್ರಸೇನನ ಮಗಳು ರಾಜೀಮತಿಯನ್ನು ವರಿಸಲು ಹೊರಟ ಕುಮಾರನ ರಥ ಹಂದರದ ಸಮೀಪಕ್ಕೆ ಬಂದಾಗ, ಬೇಲಿಯೊಳಗೆ ಕೂಡಿಹಾಕಿದ ಮೂಕಪ್ರಾಣಿಗಳ ಆಕ್ರಂದನ ಆತನ ಕಿವಿಗೆ ಬೀಳುತ್ತದೆ. ಇವು ಇಲ್ಲೇಕಿವೆ ಎಂದು ಸಾರಥಿಯನ್ನು ಕೇಳುತ್ತಾನೆ. ಮದುವೆಯ ಔತಣಕ್ಕೆಂದು ತಂದವು ಎಂಬ ಉತ್ತರ ಬರುತ್ತದೆ. ಬೇಲಿ ತೆರೆಯುತ್ತದೆ, ರಥ ಹಿಂದಿರುಗುತ್ತದೆ, ಕುಮಾರ ಊರ್ಜಯಂತಗಿರಿಯನ್ನೇರಿ ದೀಕ್ಷೆ ವಹಿಸುತ್ತಾನೆ. ಬಸದಿಯ ಪ್ರವಚನಗಳಲ್ಲಿ ಈ ಕಥೆ ಇಲ್ಲಿಂದ ಸ್ವಾಮಿಯ ವೈರಾಗ್ಯದ ಕಡೆಗೆ ಹೊರಳುತ್ತದೆ, ಅದು ಸಹಜವೇ. ಬೇಲಿಯಿಂದ ಹೊರಬಿದ್ದ ಪ್ರಾಣಿಗಳು ಎಲ್ಲಿಗೆ ಹೋದವು ಎಂದು ಕೇಳುವ ಹಿರಿಯರು ಕಡಿಮೆ. ಮಕ್ಕಳು ಮಾತ್ರ ಕೇಳುತ್ತಾರೆ. ಅವು ಜಿಂಕೆ ಮೊದಲಾದ ಕಾಡುಮೃಗಗಳು. ಬೇಲಿ ತೆರೆದರೆ ಸಾಕಿತ್ತು, ಎದುರಿಗೆ ಕಾಡಿತ್ತು.

ಯಾದಗಿರಿ ಸೀಮೆಯಲ್ಲಿ ಇಂದು ಬೇಲಿ ತೆರೆದರೆ ಎದುರಿಗಿರುವುದು ರಸ್ತೆ, ಹತ್ತಿಯ ಹೊಲ, ಕಾಲುವೆಯ ನೀರು ಹರಿದ ಕಡೆ ಭತ್ತದ ಗದ್ದೆ, ಮತ್ತೊಬ್ಬರ ತೊಗರಿ. ಸಾವಿರಾರು ವರ್ಷಗಳಿಂದ ಮನುಷ್ಯನ ಹಟ್ಟಿಯಲ್ಲಿಯೇ ಬೆಳೆದ ಕುರಿ, ಆಕಳು, ನಾಯಿಗಳಿಗೆ ಮರಳಿ ಹೋಗಲು ಕಾಡೆಂಬುದಿಲ್ಲ. ಅವುಗಳನ್ನು ಸಾವಿನಿಂದ ಬಿಡಿಸಿದವನು ಆ ಕ್ಷಣದಿಂದಲೇ ಅವುಗಳ ನಾಳಿನ ಮೇವಿಗೆ, ನೀರಿಗೆ, ನೆರಳಿಗೆ ಹೊಣೆಯಾಗುತ್ತಾನೆ. ಜೈನಧರ್ಮ ಹೇಳುವ ನಾಲ್ಕು ದಾನಗಳಲ್ಲಿ ಅಭಯದಾನವೂ ಒಂದು. ಆಹಾರ, ಔಷಧ, ಶಾಸ್ತ್ರ ಇವು ಉಳಿದ ಮೂರು. ಕನ್ನಡನಾಡಿನ ಎಷ್ಟೋ ಬಸದಿಗಳ ದಾನಶಾಸನಗಳಲ್ಲಿ ಈ ನಾಲ್ಕೂ ಒಟ್ಟಿಗೆ ಬರುತ್ತವೆ. ಒಟ್ಟಿಗೆ ಬರುವುದರಲ್ಲಿ ಅರ್ಥವಿದೆ. ಆಹಾರವೂ ಔಷಧವೂ ಇಲ್ಲದ ಅಭಯವು ಬಾಯಿಮಾತಿನ ಅಭಯ.

ಈ ಪ್ರಶ್ನೆ ಯಾದಗಿರಿ ತಾಲ್ಲೂಕಿನಲ್ಲಿ ಪ್ರತಿವರ್ಷ ಸಂಕ್ರಾಂತಿಯ ದಿನ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ಮೈಲಾಪುರದ ಮೈಲಾರಲಿಂಗೇಶ್ವರನ ಜಾತ್ರೆಯಲ್ಲಿ ಮಲ್ಲಯ್ಯನ ಪಲ್ಲಕ್ಕಿ ಗಂಗಾಸ್ನಾನಕ್ಕೆ ಹೊರಟಾಗ ಅದರ ಮೇಲೆ ಕುರಿಮರಿಗಳನ್ನು ಹಾರಿಸಿ ಹರಕೆ ತೀರಿಸುವ ರೂಢಿ ಬಹುಕಾಲದಿಂದ ಇತ್ತು. ನೂಕುನುಗ್ಗಲಿನಲ್ಲಿ ಬಿದ್ದ ಮರಿಗಳು ಕಾಲ್ತುಳಿತಕ್ಕೆ ಸಿಕ್ಕಿ ನರಳುತ್ತಿದ್ದವು. ಜಿಲ್ಲಾಡಳಿತ ಅದನ್ನು ನಿಷೇಧಿಸಿದೆ. ಜಾತ್ರೆಯ ದಾರಿಗಳಲ್ಲಿ ಚೆಕ್‌ಪೋಸ್ಟ್‌ಗಳು ಏಳುತ್ತವೆ. ಪೊಲೀಸರೂ ಪಶುಸಂಗೋಪನಾ ಇಲಾಖೆಯವರೂ ವಾಹನಗಳನ್ನು ತಪಾಸಣೆ ಮಾಡಿ ಮರಿಗಳನ್ನು ವಶಕ್ಕೆ ಪಡೆಯುತ್ತಾರೆ. ಇದು ಶ್ಲಾಘನೀಯ ಕಾರ್ಯ. ಹರಕೆ ಹೊತ್ತು ಬರುವ ಭಕ್ತರನ್ನು ಕ್ರೂರಿಗಳೆಂದು ಜರೆಯುವುದು ಮಾತ್ರ ಸಲ್ಲದು. ಹಟ್ಟಿಯಲ್ಲಿ ಹುಟ್ಟಿದ ಒಳ್ಳೆಯ ಮರಿಯನ್ನೇ ಆರಿಸಿ, ಹೆಗಲ ಮೇಲೆ ಹೊತ್ತು, ದೇವರಿಗೆಂದು ತರುವ ಕುರಿಗಾಹಿಯ ಮನಸ್ಸಿನಲ್ಲಿರುವುದು ಕೃತಜ್ಞತೆ. ಆ ಕೃತಜ್ಞತೆಗೆ ಬೇರೊಂದು ದಾರಿ ತೋರಿಸುವುದಷ್ಟೇ ಬೇಕಾದದ್ದು.

ಚೆಕ್‌ಪೋಸ್ಟ್‌ನಲ್ಲಿ ವಶವಾದ ಮರಿಯ ಮುಂದಿನ ಪಾಡನ್ನು ಯೋಚಿಸಬೇಕು. ಅದು ತಾಯಿಯಿಂದ ಅಗಲಿದೆ. ಇನ್ನೂ ಹಾಲು ಬಿಡದ ಮರಿಯಾದರೆ ದಿನಕ್ಕೆ ನಾಲ್ಕೈದು ಬಾರಿ, ಸ್ವಲ್ಪ ಸ್ವಲ್ಪವೇ, ಬೆಚ್ಚಗಿನ ಹಾಲನ್ನು ಬಾಟಲಿಯಿಂದ ಕುಡಿಸಬೇಕು. ಒಮ್ಮೆಗೇ ಹೆಚ್ಚು ಕುಡಿಸಿದರೆ ಭೇದಿಯಾಗಿ ಸಾಯುತ್ತದೆ. ಸಂಕ್ರಾಂತಿಯ ರಾತ್ರಿಯ ಚಳಿಗೆ ಗೋಣಿತಾಟು, ಒಣಹುಲ್ಲಿನ ಹಾಸು ಬೇಕು. ಹಲವಾರು ಹಟ್ಟಿಗಳ ಮರಿಗಳು ಒಂದೇ ದೊಡ್ಡಿಯಲ್ಲಿ ಕೂಡಿದರೆ ಒಂದರ ರೋಗ ಎಲ್ಲಕ್ಕೂ ಹರಡುತ್ತದೆ. ಪಿಪಿಆರ್ ಎಂಬ ಜ್ವರ, ಕರುಳುಬೇನೆ, ಬಾಯಿಹುಣ್ಣು ಇವು ಕುರಿಗಾಹಿಗಳಿಗೆ ಹೊಸ ಹೆಸರುಗಳಲ್ಲ. ಈ ಯಾವ ವ್ಯವಸ್ಥೆಯೂ ಇಲ್ಲದೆ ಹರಾಜಿಗಿಟ್ಟು, ಹೆಚ್ಚು ಕೂಗಿದವರಿಗೆ ಕೊಡುವುದಾದರೆ, ಆ ಕೊನೆಯ ಕೂಗು ಕಟುಕನದಾಗಿರಲೂಬಹುದು. ಆಗ ಪಲ್ಲಕ್ಕಿಯಿಂದ ತಪ್ಪಿಸಿದ ಸಾವನ್ನು ವಾರದ ಸಂತೆಯವರೆಗೆ ಮುಂದೂಡಿದಂತಾಯಿತೇ ಹೊರತು ಅಭಯ ಸಿಕ್ಕಂತಾಗಲಿಲ್ಲ.

ಬಿಡಾಡಿ ಪ್ರಾಣಿಗಳನ್ನು ಕೂಡಿಹಾಕುವ ವ್ಯವಸ್ಥೆ ಈ ಭಾಗದ ಹಳ್ಳಿಗಳಿಗೆ ಅಪರಿಚಿತವೇನಲ್ಲ. ಕೊಂಡವಾಡೆ ಎಂದರೆ ಇಂದಿಗೂ ಹಿರಿಯರಿಗೆ ತಿಳಿಯುತ್ತದೆ. ಪರರ ಹೊಲ ಮೇಯ್ದ ದನವನ್ನು ಅಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು, ಬಿಡಿಸಿಕೊಳ್ಳದಿದ್ದರೆ ಹರಾಜು. 1871ರ ದನಗಳ ಅತಿಕ್ರಮ ಪ್ರವೇಶ ಕಾಯಿದೆಯ ಕಾಲದಿಂದ ಬಂದ ಪದ್ಧತಿ ಇದು. ಅದರ ಕಣ್ಣಿದ್ದದ್ದು ಬೆಳೆಯ ಮೇಲೆ, ದಂಡದ ಮೇಲೆ. ಪ್ರಾಣಿಯ ಸುಖದುಃಖ ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಪಂಜರಾಪೋಳಕ್ಕೂ ಕೊಂಡವಾಡೆಗೂ ಇರುವ ಅಂತರ ಇದೇ. ಪಶ್ಚಿಮ ಭಾರತದ ಜೈನ ವರ್ತಕ ಸಮಾಜಗಳು ಶತಮಾನಗಳಿಂದ ನಡೆಸಿಕೊಂಡು ಬಂದ ಈ ಸಂಸ್ಥೆ ಮುದಿಯಾದ, ಕುಂಟಾದ, ಯಾರಿಗೂ ಬೇಡವಾದ ಪ್ರಾಣಿಗೆ ಸಾಯುವವರೆಗೆ ನೆಲೆ ಕೊಡುತ್ತದೆ. ಮುಂಬಯಿಯ ಪಂಜರಾಪೋಳದ ಹುಟ್ಟಿನ ಕಥೆ ಇಂದಿನ ದಿನಗಳಿಗೆ ವಿಶೇಷವಾಗಿ ಹೊಂದುತ್ತದೆ. 1832ರಲ್ಲಿ ಬ್ರಿಟಿಷ್ ಆಡಳಿತ ನಗರದ ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರಸಿಗಳೂ ಜೈನರೂ ಹಿಂದೂಗಳೂ ಬೀದಿಗಿಳಿದರು, ಗಲಭೆಯಾಯಿತು. ಆ ಕೋಪ ಕಲ್ಲೆಸೆತದಲ್ಲಿಯೇ ಮುಗಿದಿದ್ದರೆ ಇಂದು ಅದನ್ನು ನೆನೆಯುವ ಕಾರಣವಿರುತ್ತಿರಲಿಲ್ಲ. ಎರಡು ವರ್ಷಗಳ ನಂತರ, 1834ರಲ್ಲಿ, ಪಾರಸಿಯಾದ ಜಮ್ಶೇಟ್‌ಜೀ ಜೀಜೀಭಾಯಿ ಹಾಗೂ ಜೈನ ಶ್ರೇಷ್ಠಿ ಮೋತಿಚಂದ ಅಮೀಚಂದ ಮೊದಲಾದವರು ಸೇರಿ ಭುಲೇಶ್ವರದಲ್ಲಿ ಪಂಜರಾಪೋಳವನ್ನು ಸ್ಥಾಪಿಸಿದರು. ಕೊಲ್ಲಬೇಡಿ ಎಂದವರೇ ಸಾಕುವ ಜಾಗವನ್ನೂ ಕಟ್ಟಿದರು. ಕರ್ನಾಟಕದಲ್ಲಿಯೂ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿರುವ ಮೈಸೂರಿನ ಪಿಂಜರಾಪೋಲ್ ಇದೇ ಪರಂಪರೆಯ ಕವಲು.

ಸ್ವತಂತ್ರ ಭಾರತದ ಕಾನೂನೂ ಈ ಪರಂಪರೆಯನ್ನು ಒಪ್ಪಿಕೊಂಡಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 35ನೆಯ ಕಲಮಿನ ಪ್ರಕಾರ ಹಿಂಸೆಗೊಳಗಾದ ಪ್ರಾಣಿಗಳ ಆರೈಕೆಗೆ ಸರ್ಕಾರ ಆರೈಕೆ ಕೇಂದ್ರಗಳನ್ನು ಗೊತ್ತುಪಡಿಸಬಹುದು. ನ್ಯಾಯಾಧೀಶರು ಪ್ರಾಣಿಯನ್ನು ಅಲ್ಲಿಗೆ ಅಥವಾ ಪಂಜರಾಪೋಳಕ್ಕೆ ಕಳುಹಿಸಬಹುದು. ಆರೈಕೆಯ ವೆಚ್ಚವನ್ನು ಒಡೆಯನೇ ಭರಿಸಬೇಕು. ಮೊಕದ್ದಮೆ ಮುಗಿಯುವವರೆಗೆ ವಶಪಡಿಸಿಕೊಂಡ ಪ್ರಾಣಿಯನ್ನು ಎಲ್ಲಿ ಹೇಗೆ ಇಡಬೇಕೆಂಬುದಕ್ಕೆ 2017ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಕಾಗದದ ಮೇಲೆ ಕೊರತೆ ಹೆಚ್ಚೇನಿಲ್ಲ. ಕೊರತೆಯಿರುವುದು ದೊಡ್ಡಿಯಲ್ಲಿ, ಮೇವಿನ ಬಣವೆಯಲ್ಲಿ, ಬೆಳಗಿನ ಐದು ಗಂಟೆಗೆದ್ದು ಸಗಣಿ ಬಾಚುವ ಕೈಗಳಲ್ಲಿ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಪ್ರಾಣಿಯನ್ನು ಕಟ್ಟಿಹಾಕಿ ಅದರ ಓಡಾಟ ತಡೆಯುವುದು, ಹೊಡೆಯುವುದು, ಅಂಗ ಕೊಯ್ಯುವುದು, ಶಕ್ತಿಮೀರಿ ಭಾರ ಹೇರುವುದು, ಅನ್ನನೀರು ತಪ್ಪಿಸುವುದು. ಇವುಗಳಲ್ಲಿ ಒಂದೂ ಕೊಲೆಯಲ್ಲ ಎಂಬುದನ್ನು ಗಮನಿಸಬೇಕು. ಕೊಲ್ಲದವನೂ ವ್ರತಭಂಗದ ಅಂಚಿಗೆ ಹೇಗೆ ಬಂದು ನಿಲ್ಲುತ್ತಾನೆಂಬುದನ್ನೇ ಆಚಾರ್ಯರು ತೋರಿಸಿದ್ದಾರೆ. ಆಶ್ರಯತಾಣವೊಂದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಮಾನದಂಡ ದೊರೆಯಲಾರದು. ಐವತ್ತು ರಾಸುಗಳ ಜಾಗದಲ್ಲಿ ನೂರೈವತ್ತನ್ನು ತುಂಬಿ, ಒಂದು ಮಲಗಿದರೆ ಮತ್ತೊಂದು ನಿಲ್ಲಲೂ ಜಾಗವಿಲ್ಲದಂತೆ ಕಟ್ಟಿದರೆ ಅದು ಬಂಧವೆಂಬ ಅತಿಚಾರ. ಬೇಸಿಗೆಯಲ್ಲಿ ತೊಟ್ಟಿ ಬರಿದಾಗಿ ಮಧ್ಯಾಹ್ನದವರೆಗೆ ಟ್ಯಾಂಕರ್ ಬಾರದಿದ್ದರೆ ಅದು ಅನ್ನಪಾನನಿರೋಧ. ನಡೆಸುವವರ ಮನಸ್ಸಿನಲ್ಲಿ ದಯೆ ತುಂಬಿ ತುಳುಕುತ್ತಿದ್ದರೂ ಆಕಳ ಗಂಟಲು ಒಣಗಿರುವುದು ಸುಳ್ಳಾಗುವುದಿಲ್ಲ. ಗೋಡೆಯ ಮೇಲೆ ಜೀವದಯೆಯ ಘೋಷವಾಕ್ಯ ಬರೆಸಿ ಒಳಗೆ ಈ ಎರಡೂ ನಡೆಯುವ ಸ್ಥಳಗಳು ದೇಶದಲ್ಲಿ ಇಲ್ಲವೆಂದು ಯಾರೂ ಹೇಳಲಾರರು.

ಲೆಕ್ಕ ಸರಳವಾಗಿದೆ. ಮೂರು ನೂರು ಕಿಲೋ ತೂಗುವ ಆಕಳಿಗೆ ದೇಹತೂಕದ ಶೇ 2.5ರಷ್ಟು ಒಣ ಅಂಶದ ಮೇವು, ಅಂದರೆ ದಿನಕ್ಕೆ ಸುಮಾರು ಏಳೂವರೆ ಕಿಲೋ ಬೇಕು. ನೂರು ಆಕಳಿಗೆ ದಿನಕ್ಕೆ 750 ಕಿಲೋ, ವರ್ಷಕ್ಕೆ 270 ಟನ್ನಿಗೂ ಹೆಚ್ಚು. ಯಾದಗಿರಿಯ ಬೇಸಿಗೆ 40 ಡಿಗ್ರಿ ದಾಟಿದಾಗ ಒಂದು ಆಕಳು ದಿನಕ್ಕೆ 50 ಲೀಟರ್ ಕುಡಿಯುತ್ತದೆಂದು ಹಿಡಿದರೂ ನೂರಕ್ಕೆ ಐದು ಸಾವಿರ ಲೀಟರ್, ಅಂದರೆ ಒಂದು ಟ್ಯಾಂಕರ್ ನೀರು ಕುಡಿಯಲಿಕ್ಕೇ ಬೇಕು. ಹುಟ್ಟುಹಬ್ಬದ ದಿನ ಒಂದು ಹೊರೆ ಹಸಿಮೇವು ತಂದು ಫೋಟೋ ತೆಗೆಸಿಕೊಳ್ಳುವವರ ಭಾವನೆ ಒಳ್ಳೆಯದೇ. ಆದರೆ ಆಕಳು ಉಳಿದ ದಿನಗಳಲ್ಲಿಯೂ ಮೇಯುತ್ತದೆ.

2020ರ ಗೋಹತ್ಯೆ ನಿಷೇಧ ಕಾಯಿದೆಯ ನಂತರ ರಾಜ್ಯ ಸರ್ಕಾರ ಜಿಲ್ಲೆಗೊಂದು ಗೋಶಾಲೆಯ ಯೋಜನೆ ಹಾಕಿಕೊಂಡಿತು. 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆಯನ್ನು ಆರಂಭಿಸಿತು. ವರ್ಷಕ್ಕೆ 11,000 ರೂಪಾಯಿ ಕೊಟ್ಟು ಒಂದು ರಾಸನ್ನು ದತ್ತು ಪಡೆಯಬಹುದು. ರಾಸು ಗೋಶಾಲೆಯಲ್ಲಿಯೇ ಇರುತ್ತದೆ. ಭಾಗಿಸಿದರೆ ದಿನಕ್ಕೆ 30 ರೂಪಾಯಿ. ಏಳೂವರೆ ಕಿಲೋ ಮೇವನ್ನು ಮೂವತ್ತು ರೂಪಾಯಿಗೆ ಹೊಂದಿಸುವುದು ಸುಗ್ಗಿಯ ತಿಂಗಳಲ್ಲಿಯೂ ಕಷ್ಟ, ಮೇ ತಿಂಗಳಲ್ಲಿ ಕನಸು. ಔಷಧ, ಕೂಲಿ, ನೀರು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಯೋಜನೆಯನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಕೊಡುವವರು ತಾವು ಕೊಟ್ಟದ್ದು ಎಷ್ಟನ್ನು ತುಂಬುತ್ತದೆಂದು ಅರಿತು ಕೊಡಲಿ ಎಂಬುದಕ್ಕಾಗಿ. ದತ್ತು ಎಂಬ ಮಾತು ಇಲ್ಲಿ ಪೋಷಣೆಯ ವಂತಿಗೆಗೆ ನಿಂತಿದೆ. ಪ್ರಾಣಿಗೆ ಹೊಸ ಮನೆ ದೊರೆಯುವುದು ಬೇರೆಯದೇ ವಿಷಯ.

ಆ ವಿಷಯಕ್ಕೆ ಬರುವ ಮೊದಲು ಒಳ್ಳೆಯ ಆಶ್ರಯತಾಣದ ದಿನಚರಿಯನ್ನು ನೋಡಬೇಕು. ಪ್ರಾಣಿ ಬಂದೊಡನೆ ಅದರ ಹೆಸರಿನಲ್ಲಿ ದಾಖಲೆ ತೆರೆಯುತ್ತದೆ: ಎಲ್ಲಿ ಸಿಕ್ಕಿತು, ಯಾರು ತಂದರು, ಯಾವ ಗಾಯ, ಎಷ್ಟು ತೂಕ. ನಂತರ ಹತ್ತರಿಂದ ಹದಿನಾಲ್ಕು ದಿನ ಪ್ರತ್ಯೇಕ ಕೋಣೆಯ ವಾಸ. ಈ ಒಂದು ನಿಯಮವನ್ನು ಮೀರಿದ್ದರಿಂದಲೇ ಎಷ್ಟೋ ಕಡೆ ಪಾರ್ವೊ, ಡಿಸ್ಟೆಂಪರ್ ರೋಗಗಳು ಹೊಕ್ಕು ಒಂದು ವಾರದಲ್ಲಿ ಮರಿಗಳೆಲ್ಲ ಖಾಲಿಯಾಗುತ್ತವೆ. ಹುಚ್ಚುನಾಯಿ ರೋಗದ ಲಸಿಕೆ, ಜಂತಿನ ಔಷಧ, ಉಣ್ಣೆಗಳ ನಿವಾರಣೆ, ಸಂತಾನಶಕ್ತಿಹರಣ ಚಿಕಿತ್ಸೆ ಒಂದೊಂದಾಗಿ ನಡೆಯುತ್ತವೆ. ಬೀದಿನಾಯಿಯಾದರೆ ಕಿವಿಯ ತುದಿಯಲ್ಲಿ ಚಿಕ್ಕ ಕಚ್ಚು ಹಾಕುತ್ತಾರೆ. ದನವಾದರೆ ಹನ್ನೆರಡು ಅಂಕಿಯ ಕಿವಿಯೋಲೆ.

ಇಲ್ಲಿ ಶ್ರಾವಕನಿಗೆ ಒಂದು ಸಂದೇಹ ಬರುವುದು ನ್ಯಾಯ. ಜಂತಿನ ಔಷಧ ಜಂತುಗಳನ್ನು ಕೊಲ್ಲುತ್ತದೆ, ಉಣ್ಣೆಯ ಔಷಧ ಉಣ್ಣೆಗಳನ್ನು ಕೊಲ್ಲುತ್ತದೆ. ನಾಯಿಯೊಂದನ್ನು ಉಳಿಸಲು ನೂರು ಜೀವಗಳ ಘಾತವೇ ಎಂಬ ಪ್ರಶ್ನೆಯನ್ನು ನಗೆಯಿಂದ ತಳ್ಳಿಹಾಕಲಾಗದು. ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿದ್ದು ಇಂಥ ಸಂದರ್ಭಗಳಿಗಾಗಿಯೇ. ಗೃಹಸ್ಥನು ಸಂಕಲ್ಪಪೂರ್ವಕವಾದ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಬದುಕಿನ ಅನಿವಾರ್ಯ ಕಾರ್ಯಗಳಲ್ಲಿ ಒದಗುವ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳುತ್ತ ಹೋಗಬೇಕು. ಎಚ್ಚರವೆಂದರೆ ಇಲ್ಲಿ ಪೊರಕೆ ಮತ್ತು ಸುಣ್ಣ. ನೆಲ ಒಣಗಿರುವಂತೆ, ಗೋಡೆಯ ಬಿರುಕುಗಳು ಮುಚ್ಚಿರುವಂತೆ, ಸಗಣಿ ನಿತ್ಯ ಎತ್ತುವಂತೆ ನೋಡಿಕೊಂಡಲ್ಲಿ ಉಣ್ಣೆಗಳು ಹುಟ್ಟುವುದೇ ವಿರಳವಾಗುತ್ತದೆ, ಔಷಧದ ಪ್ರಮಾಣವೂ ಇಳಿಯುತ್ತದೆ. ಕೊಳಕು ದೊಡ್ಡಿಯನ್ನಿಟ್ಟುಕೊಂಡು ಜಂತುಗಳ ಮೇಲಿನ ಕರುಣೆಯಿಂದ ಔಷಧ ನಿರಾಕರಿಸುವುದು ಆಲಸ್ಯಕ್ಕೆ ಧರ್ಮದ ಹೊದಿಕೆ ಹೊದಿಸಿದಂತೆ.

ಇನ್ನೊಂದು ಸಂದೇಹ ಆಹಾರದ್ದು. ಮಾಂಸಾಹಾರಿ ಪ್ರಾಣಿಗಳನ್ನು ಸಾಕುವುದನ್ನು ಶ್ರಾವಕಾಚಾರ ಗ್ರಂಥಗಳು ಮೆಚ್ಚಿಲ್ಲ. ದೆಹಲಿಯ ಚಾಂದನಿ ಚೌಕದ ದಿಗಂಬರ ಜೈನ ಮಂದಿರದ ಆವರಣದಲ್ಲಿರುವ, 1929ರಲ್ಲಿ ಆರಂಭವಾದ ಪಕ್ಷಿಗಳ ಆಸ್ಪತ್ರೆ ಇದಕ್ಕೆ ತನ್ನದೇ ಉತ್ತರ ಕಂಡುಕೊಂಡಿದೆ. ಕಾಳು ತಿನ್ನುವ ಪಾರಿವಾಳ, ಗಿಳಿಗಳನ್ನು ಒಳಗಿಟ್ಟು ನೋಡಿಕೊಳ್ಳುತ್ತಾರೆ. ಹದ್ದು, ಗಿಡುಗಗಳಿಗೆ ಹೊರರೋಗಿಗಳಾಗಿ ಚಿಕಿತ್ಸೆ ಕೊಟ್ಟು ಕಳುಹಿಸುತ್ತಾರೆ. ನಾಯಿಯ ವಿಷಯ ಸುಲಭ. ಅನ್ನ, ಬೇಳೆ, ರಾಗಿ, ಮೊಸರು, ತರಕಾರಿಗಳನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದು ಆರೋಗ್ಯವಾಗಿ ಬಾಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಶ್ರಾವಕರ ಅಡುಗೆಮನೆಗೆ ಈ ಒಂದು ಪಾಠ ಹೊಸದಾಗಿ ಬೇಕಿಲ್ಲ! ಬೆಕ್ಕಿನ ಮಾತು ಬೇರೆ. ಮಾಂಸದಲ್ಲಿ ದೊರೆಯುವ ಟಾರಿನ್ ಎಂಬ ಅಂಶವಿಲ್ಲದೆ ಬೆಕ್ಕಿನ ಕಣ್ಣು ಕುರುಡಾಗುತ್ತದೆ, ಹೃದಯ ಸೋಲುತ್ತದೆ. ಬರಿಯ ಹಾಲುಅನ್ನದಲ್ಲಿ ಅದನ್ನು ಸಾಕುವೆನೆಂದು ಹಟ ಹಿಡಿದರೆ ಅದು ನಿಧಾನವಾದ ಅನ್ನನಿರೋಧ. ತನ್ನ ವ್ರತಕ್ಕೆ ಒಗ್ಗದ ಪ್ರಾಣಿಯನ್ನು ಗಾಯ ಮಾಯಿಸಿ, ಅದಕ್ಕೆ ತಕ್ಕ ಆಹಾರ ಕೊಡಬಲ್ಲ ಬೇರೆಯವರಿಗೆ ಒಪ್ಪಿಸುವುದೇ ಪ್ರಾಮಾಣಿಕ ಮಾರ್ಗ.

ದೆಹಲಿಯ ಆ ಆಸ್ಪತ್ರೆಯದೇ ಇನ್ನೊಂದು ನಿಯಮವಿದೆ. ಚಿಕಿತ್ಸೆಗೆ ಸೇರಿಸಿದ ಹಕ್ಕಿಯನ್ನು ಮರಳಿ ಒಡೆಯನ ಪಂಜರಕ್ಕೆ ಕೊಡುವುದಿಲ್ಲ; ಗುಣವಾದ ಮೇಲೆ ಅದು ಆಕಾಶಕ್ಕೆ. ಹಕ್ಕಿಗೆ ಆಕಾಶವೇ ಮನೆ. ನಾಯಿಗೆ, ಕುರಿಗೆ, ಆಕಳಿಗೆ ಮನುಷ್ಯನ ಅಂಗಳವೇ ಮನೆ. ಆದ್ದರಿಂದ ಆಶ್ರಯತಾಣವು ಅವುಗಳ ಕೊನೆಯ ನಿಲ್ದಾಣವಾಗಬಾರದು. ಮುದಿಯಾದವು, ಅಂಗವಿಕಲವಾದವು ಉಳಿಯಲಿ. ಉಳಿದವು ಒಳ್ಳೆಯ ಮನೆ ಸೇರಿದಷ್ಟೂ ಹೊಸದಾಗಿ ಗಾಯಗೊಂಡು ಬಂದ ಪ್ರಾಣಿಗೆ ಒಳಗೆ ಜಾಗ ದೊರೆಯುತ್ತದೆ. ಬಾಗಿಲು ಒಳಮುಖವಾಗಿ ಮಾತ್ರ ತೆರೆಯುವ ಆಶ್ರಯತಾಣ ಒಂದು ದಿನ ತುಂಬಿ ಮುಚ್ಚಿಕೊಳ್ಳಲೇಬೇಕು.

ಮನೆ ಹುಡುಕುವ ಕೆಲಸ ಹೆಣ್ಣುಮಕ್ಕಳಿಗೆ ಸಂಬಂಧ ನೋಡುವಷ್ಟೇ ಸೂಕ್ಷ್ಮ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ಬೆಂಗಳೂರಿನಲ್ಲಿ ಆರಂಭಿಸಿದ ಕ್ಯೂಪಾ ಸಂಸ್ಥೆಯಂಥ ಕಡೆಗಳಲ್ಲಿ ಈ ಕಾರ್ಯಕ್ಕೆ ಒಂದು ಶಿಸ್ತು ಬೆಳೆದಿದೆ. ಕೇಳಿದವರಿಗೆಲ್ಲ ಪ್ರಾಣಿಯನ್ನು ಎತ್ತಿಕೊಡುವ ಪದ್ಧತಿ ಒಳ್ಳೆಯ ಸಂಸ್ಥೆಗಳಲ್ಲಿಲ್ಲ. ಮನೆಯವರೆಲ್ಲರ ಒಪ್ಪಿಗೆಯಿದೆಯೇ, ಬಾಡಿಗೆಯ ಮನೆಯಾದರೆ ಮಾಲೀಕರು ಒಪ್ಪಿದ್ದಾರೆಯೇ, ಹಗಲಿಡೀ ಮನೆ ಬೀಗ ಹಾಕಿರುತ್ತದೆಯೇ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಂದೆಲ್ಲ ಕೇಳುತ್ತಾರೆ. ಮನೆಯನ್ನು ನೋಡಿ ಬರುತ್ತಾರೆ. ಲಸಿಕೆ ಹಾಗೂ ಸಂತಾನಶಕ್ತಿಹರಣ ಚಿಕಿತ್ಸೆಯ ಬಗ್ಗೆ ಬರಹದಲ್ಲಿ ಒಪ್ಪಂದವಾಗುತ್ತದೆ. ಕೊಟ್ಟ ಮೇಲೆಯೂ ವಿಚಾರಿಸುತ್ತಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಸಾಕಲಾಗದಿದ್ದರೆ ಬೀದಿಗೆ ಬಿಡಬೇಡಿ, ಇಲ್ಲಿಗೇ ಮರಳಿ ತನ್ನಿ ಎಂಬ ಮಾತು ಕೊಡುತ್ತಾರೆ. ತವರಿನ ಬಾಗಿಲು ತೆರೆದಿದೆಯೆಂಬ ಧೈರ್ಯ ಪ್ರಾಣಿಗೂ ಬೇಕು.

ಪಡೆಯುವ ಗೃಹಸ್ಥನೂ ತನ್ನ ಪರಿಗ್ರಹ ಪರಿಮಾಣ ವ್ರತವನ್ನು ನೆನೆಯಬೇಕು. ಆ ವ್ರತದಲ್ಲಿ ಹೊಲ, ಮನೆ, ಧನ, ಧಾನ್ಯಗಳ ಜೊತೆಗೆ ಚತುಷ್ಪದಗಳಿಗೂ ಮಿತಿ ಹಾಕಿಕೊಳ್ಳುವ ಕ್ರಮವಿದೆ. ಪೂರ್ವಿಕರು ಇದನ್ನು ಸಂಪತ್ತಿನ ಆಸೆಗೆ ಕಡಿವಾಣವೆಂದು ಹೇಳಿದರು; ಇಂದು ದಯೆಯ ಅತಿರೇಕಕ್ಕೂ ಅದೇ ಕಡಿವಾಣ ಬೇಕಾಗಿದೆ. ಎರಡು ಕೋಣೆಯ ಮನೆಯಲ್ಲಿ ಇಪ್ಪತ್ತು ನಾಯಿಗಳನ್ನು ತುಂಬಿಕೊಂಡು ಒಂದಕ್ಕೂ ಲಸಿಕೆ ಹಾಕಿಸಲಾಗದವರ ಕರುಣೆ ನೆರೆಹೊರೆಗೂ ನಾಯಿಗಳಿಗೂ ಸಂಕಟ ತರುತ್ತದೆ.

ಬೀದಿನಾಯಿಗಳ ವಿಷಯದಲ್ಲಿ 2025ರಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶಗಳು ಮನೆಮನೆಯ ಚರ್ಚೆಯಾದವು. ಆಗಸ್ಟ್ 11ರಂದು ದೆಹಲಿಯ ನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಬೇಕೆಂಬ ಆದೇಶ ಬಂತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ರೇಬಿಸ್ ಸೋಂಕಿನ ಹಾಗೂ ಆಕ್ರಮಣಕಾರಿ ನಾಯಿಗಳನ್ನುಳಿದು ಮಿಕ್ಕವನ್ನು ಚಿಕಿತ್ಸೆ, ಲಸಿಕೆಗಳ ನಂತರ ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದಿತು. ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ದತ್ತು ಪಡೆಯಬಹುದು, ಆದರೆ ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬರಬಾರದು ಎಂದೂ ಹೇಳಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಸ್ಥಳಗಳ ನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸುವಂತೆ ಸೂಚಿಸಿತು. ಇದಕ್ಕೆ ಬೇಕಾದ ಆಶ್ರಯತಾಣಗಳು ಎಲ್ಲಿವೆ ಎಂದು ಕೇಳುವ ಹಕ್ಕು ಜನರಿಗಿದೆ. ಹಾಗೆಯೇ ಹುಚ್ಚುನಾಯಿ ಕಡಿತಕ್ಕೆ ಬಲಿಯಾದ ಮಗುವಿನ ತಾಯಿಯ ಮಾತನ್ನು ಕೇಳದ ಅಹಿಂಸೆಯೂ ಅಪೂರ್ಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 18ರಿಂದ 20 ಸಾವಿರ ಜನ ಈ ರೋಗದಿಂದ ಸಾಯುತ್ತಾರೆ. ಮಗುವೂ ಪಂಚೇಂದ್ರಿಯ ಜೀವ, ನಾಯಿಯೂ ಪಂಚೇಂದ್ರಿಯ ಜೀವ. ಇಬ್ಬರನ್ನೂ ಕಾಯುವ ಸಾಧನವೆಂದರೆ ಲಸಿಕೆ. ನಾಯಿಗೆ ರೊಟ್ಟಿ ಹಾಕುವ ಕೈಗೆ ಅದಕ್ಕೆ ಲಸಿಕೆ ಹಾಕಿಸುವ ಹೊಣೆಯೂ ಸೇರಬೇಕು.

ಎಷ್ಟು ಶುಶ್ರೂಷೆ ಮಾಡಿದರೂ ಬದುಕಲಾರದ ಪ್ರಾಣಿಗಳು ಆಶ್ರಯತಾಣಕ್ಕೆ ಬಂದೇ ಬರುತ್ತವೆ. ಲಾರಿ ಹಾಯ್ದು ಬೆನ್ನುಮೂಳೆ ಮುರಿದ ನಾಯಿ, ಹೊಟ್ಟೆಯಲ್ಲಿ ಪ್ಲಾಸ್ಟಿಕ್ ತುಂಬಿ ಮೆಲುಕು ನಿಂತ ಆಕಳು. ಜೀವಂಧರಸ್ವಾಮಿಯ ಕಥೆಯಲ್ಲಿ, ಹೊಡೆತ ತಿಂದು ಸಾಯುತ್ತಿದ್ದ ನಾಯಿಯೊಂದನ್ನು ಕುಮಾರನು ಕಾಣುತ್ತಾನೆ. ಉಳಿಸಲಾಗದೆಂದು ಅರಿತಾಗ ಎದ್ದು ಹೋಗುವುದಿಲ್ಲ. ಪಕ್ಕದಲ್ಲಿ ಕುಳಿತು ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಆ ಜೀವ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಕುಮಾರನ ಕಷ್ಟಕಾಲಕ್ಕೆ ಒದಗುತ್ತದೆ. ಜೈನ ಆಶ್ರಯತಾಣಗಳು ದಯಾಮರಣದ ಚುಚ್ಚುಮದ್ದನ್ನು ಒಪ್ಪದಿರುವುದಕ್ಕೆ ಹಿನ್ನೆಲೆ ಇಂಥ ನಂಬಿಕೆ: ಪ್ರತಿ ಜೀವವೂ ತನ್ನ ಆಯುಷ್ಯವನ್ನು ತಾನೇ ಮುಗಿಸಬೇಕು. ಈ ನಿಲುವಿಗೆ ಗೌರವ ಸಲ್ಲಬೇಕಾದರೆ ಅದರ ಜೊತೆಗೆ ನೋವುನಿವಾರಕ ಔಷಧ, ಹುಣ್ಣಾಗದಂತೆ ಮಗ್ಗುಲು ಬದಲಿಸುವ ಕೈ, ನೊಣ ಕೂರದಂತೆ ಪರದೆ ಇವೆಲ್ಲ ಇರಲೇಬೇಕು. ಕೊಲ್ಲುವುದಿಲ್ಲವೆಂದು ಹೇಳಿ ಮೂಲೆಯಲ್ಲಿ ನರಳಲು ಬಿಡುವುದಕ್ಕೆ ಜೀವಂಧರನ ಹೆಸರು ಹೇಳುವಂತಿಲ್ಲ. ಆತ ಕೊನೆಯವರೆಗೂ ಅಲ್ಲಿಯೇ ಕುಳಿತಿದ್ದ.

ತಿರ್ಯಂಚ ಗತಿಯ ಜೀವಗಳನ್ನು ಜೈನಧರ್ಮ ಕೀಳೆಂದು ಕಂಡದ್ದಿಲ್ಲ. ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಒಂದು ಅವುಗಳಿಗೆಂದೇ ಮೀಸಲು. ಮಹಾವೀರಸ್ವಾಮಿಯ ಜೀವ ಹಿಂದಿನ ಒಂದು ಭವದಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶ ಕೇಳಿ ವ್ರತ ಹಿಡಿಯಿತು. ಪಾರ್ಶ್ವನಾಥಸ್ವಾಮಿಯ ಜೀವ ಆನೆಯಾಗಿದ್ದಾಗ ಅಣುವ್ರತಗಳನ್ನು ಪಾಲಿಸಿತು. ದೊಡ್ಡಿಯ ಮೂಲೆಯಲ್ಲಿ ಕುಂಟುತ್ತ ನಿಂತಿರುವ ಜೀವ ಮುಂದೆ ಯಾವ ಎತ್ತರಕ್ಕೆ ಏರಲಿದೆಯೆಂದು ಯಾರು ಬಲ್ಲರು?

ಯಾದಗಿರಿ ಸೀಮೆಗೆ ಇಂಥ ಕಾರ್ಯಕ್ಕೆ ಬೇಕಾದ ನೆಲದ ಗುಣ ಕಡಿಮೆಯೇನಿಲ್ಲ. ರಾಷ್ಟ್ರಕೂಟರ ಮಾನ್ಯಖೇಟವಾದ ಮಳಖೇಡದ ನೇಮಿನಾಥ ಬಸದಿ ನೆರೆಯ ಕಲಬುರಗಿ ಜಿಲ್ಲೆಯಲ್ಲಿಯೇ ಇದೆ. ಭೀಮಾತೀರದ ಸನ್ನತಿಯಲ್ಲಿ 1986ರಲ್ಲಿ ಅಶೋಕನ ಶಾಸನಗಳು ದೊರೆತವು. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದೆನೆಂದು ಆ ಚಕ್ರವರ್ತಿ ಬೇರೆಡೆಯ ಶಿಲಾಶಾಸನದಲ್ಲಿ ಬರೆಸಿದ್ದಾನೆ. ಅಬ್ಬೆತುಮಕೂರಿನ ವಿಶ್ವಾರಾಧ್ಯರ ಸಿದ್ಧಸಂಸ್ಥಾನ ಮಠಕ್ಕೆ ಜಾತ್ರೆಯ ದಿನಗಳಲ್ಲಿ ಹರಿದುಬರುವ ಜನಸಾಗರವನ್ನು ಕಂಡವರಿಗೆ ಈ ಭಾಗದ ದಾಸೋಹದ ಶಕ್ತಿ ಎಂಥದೆಂದು ತಿಳಿಯುತ್ತದೆ. ಮನುಷ್ಯರ ಪಂಕ್ತಿ ಎದ್ದ ಮೇಲೆ ಎಲೆಗಳ ರಾಶಿಯ ಸುತ್ತ ಸೇರುವ ನಾಯಿಗಳೂ ದನಗಳೂ ಅದೇ ದಾಸೋಹದ ಬಾಲಂಗೋಚಿಗಳು. ಅನ್ನವನ್ನು ಪ್ಲಾಸ್ಟಿಕ್ಕಿನಿಂದ ಬೇರ್ಪಡಿಸಿ ಇಡುವ ಒಂದು ಸಣ್ಣ ಏರ್ಪಾಡು ಎಷ್ಟೋ ಆಕಳುಗಳ ಹೊಟ್ಟೆಯನ್ನು ಕಾಪಾಡಬಲ್ಲದು. ಜೈನರ ಜೀವದಯೆ, ಲಿಂಗಾಯತ ಮಠಗಳ ದಾಸೋಹ, ಹಾಲುಮತದವರ ಕುರಿಜ್ಞಾನ ಒಂದೆಡೆ ಕೂಡಿದರೆ ಜಿಲ್ಲೆಯ ಆಶ್ರಯತಾಣಕ್ಕೆ ಹೊರಗಿನಿಂದ ತರಬೇಕಾದದ್ದು ಪಶುವೈದ್ಯರ ಔಷಧದ ಪೆಟ್ಟಿಗೆಯಷ್ಟೇ. ಅದಕ್ಕೂ 1962 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವಿದೆ.

ಮೈಲಾಪುರದ ಮರಿಗಳಿಗೆ ಮಾಡಬಹುದಾದದ್ದು ದೊಡ್ಡ ಯೋಜನೆಯೇನಲ್ಲ. ಚೆಕ್‌ಪೋಸ್ಟ್‌ಗಳ ಬಳಿ ನೆರಳಿನ ಚಪ್ಪರ, ನೀರಿನ ತೊಟ್ಟಿ, ಹಾಲಿನ ಬಾಟಲಿಗಳು. ಪ್ರತಿ ಮರಿಗೂ ಕಿವಿಯೋಲೆ, ದಾಖಲೆ. ತಂದ ಭಕ್ತ ಅದೇ ದಿನ ಮರಳಿ ಹಟ್ಟಿಗೆ ಒಯ್ಯುವೆನೆಂದರೆ, ಕೊಲ್ಲುವುದಿಲ್ಲ ಮಾರುವುದಿಲ್ಲವೆಂದು ಮಲ್ಲಯ್ಯನ ಹೆಸರಿನಲ್ಲಿ ಮಾತು ಪಡೆದು ಕೊಡಬಹುದು. ದೇವರ ಮರಿಯೆಂದು ಬಿಟ್ಟದ್ದನ್ನು ಕೊಲ್ಲಲು ಕುರಿಗಾಹಿಯ ಕೈ ಮುಂದಾಗದು. ಉಳಿದ ಮರಿಗಳನ್ನು ಮೂರು ತಿಂಗಳ ವಯಸ್ಸಿನವರೆಗೆ ದೊಡ್ಡಿಯಲ್ಲಿ ಸಾಕಿ, ಲಸಿಕೆ ಹಾಕಿಸಿ, ಉಣ್ಣೆಗಾಗಿ ಕುರಿ ಸಾಕುವ ಮನೆಗಳಿಗೆ ಒಂದೊಂದಾಗಿ ಅಲ್ಲದೆ ಜೊತೆಜೊತೆಯಾಗಿ ಕೊಡಬೇಕು. ಕುರಿ ಒಂಟಿಯಾಗಿ ಬದುಕುವ ಪ್ರಾಣಿಯಲ್ಲ. ಅಂಥ ಮನೆಗಳ ಪಟ್ಟಿ ಜಾತ್ರೆಗೆ ಮೊದಲೇ ಸಿದ್ಧವಿರಬೇಕು. ಮೇವಿನ ಚಿಂತೆ ಅಷ್ಟಾಗಿ ಇಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿಯೇ ತೊಗರಿಯ ರಾಶಿ ನಡೆಯುತ್ತದೆ, ತೊಗರಿ ಹೊಟ್ಟು ಕುರಿಗಳಿಗೆ ಬಲು ಇಷ್ಟ. ಕಣದಲ್ಲಿಯೇ ಗಾಳಿಗೆ ಹೋಗುವ ಹೊಟ್ಟನ್ನು ಚೀಲಕ್ಕೆ ತುಂಬಿಸಿಡುವಂತೆ ರೈತರಿಗೆ ಡಿಸೆಂಬರಿನಲ್ಲಿಯೇ ಹೇಳಿಡಬೇಕು.